ದೇಶದ ಪರವಾಗಿ ಎಐ ಮಾತು ಕೊಡಬಹುದಾ?

ಪ್ರಶ್ನೆ: ನಾನು ಧಾರವಾಡದಲ್ಲಿ ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ವಿದೇಶಾಂಗ ಸೇವೆಗೆ ಸೇರುವ ಆಸೆಯಿದೆ. ಉಕ್ರೇನ್ ದೇಶ ಎಐ ವಕ್ತಾರೆಯನ್ನು ತಂದಿದೆ ಅಂತ ಓದಿದೆ. ಅಮೆರಿಕದ ವಿದೇಶಾಂಗ ಇಲಾಖೆಯಲ್ಲೂ ಚಾಟ್‌ಬಾಟ್ ಇದೆಯಂತೆ. ಹೀಗೇ ಹೋದರೆ ರಾಯಭಾರಿಗಳಿಗೆ ಏನು ಕೆಲಸ ಉಳಿಯುತ್ತದೆ? ಭಾರತ ಇದನ್ನು ಎಷ್ಟರ ಮಟ್ಟಿಗೆ ಬಳಸಬೇಕು?

ಉತ್ತರ: ಮೊದಲು ಆ ವಕ್ತಾರೆಯ ವಿಷಯ. ಹೆಸರು ವಿಕ್ಟೋರಿಯಾ ಶಿ. 2024ರ ಮೇ 1ರಂದು ಉಕ್ರೇನಿನ ವಿದೇಶಾಂಗ ಸಚಿವಾಲಯ ಆಕೆಯನ್ನು ಪರಿಚಯಿಸಿತು. ರೋಸಲಿ ನೋಂಬ್ರೆ ಎಂಬ ಗಾಯಕಿಯ ಮುಖ, ದನಿಯನ್ನು ಮಾದರಿಯಾಗಿ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಮಾಡಿದ ಹೆಂಗಸು. ಪಾಸ್‌ಪೋರ್ಟ್, ದಾಖಲೆ, ಕಾನ್ಸುಲೇಟ್ ಸೇವೆ ಇಂಥ ವಿಷಯಗಳನ್ನು ಪತ್ರಿಕೆಗಳಿಗೆ ತಿಳಿಸುವುದು ಆಕೆಯ ಕೆಲಸ. ಸುದ್ದಿಯ ತಲೆಬರಹದಲ್ಲಿ ಬಾರದ ಸಂಗತಿ ಏನಂದರೆ, ಆಕೆ ಓದುವ ಹೇಳಿಕೆಯನ್ನು ಬರೆಯುವವರು ಮನುಷ್ಯರೇ. ಸಚಿವಾಲಯದ ಸಿಬ್ಬಂದಿ ಬರೆದು, ಪರೀಕ್ಷಿಸಿ ಕೊಡುತ್ತಾರೆ. ಇನ್ನೂ ಒಂದು ಇದೆ. ಆಕೆಯ ವಿಡಿಯೋಗಳ ಜೊತೆ ಒಂದು ಕ್ಯೂಆರ್ ಕೋಡ್ ಬರುತ್ತದೆ. ಅದನ್ನು ಸ್ಕ್ಯಾನ್ ಮಾಡಿದರೆ ಸಚಿವಾಲಯದ ವೆಬ್‌ಸೈಟಿನಲ್ಲಿರುವ ಲಿಖಿತ ಹೇಳಿಕೆ ತೆರೆದುಕೊಳ್ಳುತ್ತದೆ. ಯಾಕೆ ಅಂದರೆ ಯಂತ್ರದ ಮುಖವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಆಕೆಯನ್ನು ತಂದವರೇ 'ಆಕೆಯ ಮಾತನ್ನು ಸುಮ್ನೆ ನಂಬಬೇಡಿ, ಇಲ್ಲಿ ಬಂದು ತಾಳೆ ನೋಡಿ' ಅಂದ ಹಾಗಾಯಿತು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಇದಕ್ಕೆ ಹತ್ತಿರವೇ ಇದೆ. ರಾಜತಾಂತ್ರಿಕ ಕೆಲಸದಲ್ಲಿ ಓದುವುದು, ಹುಡುಕುವುದು, ವಿಂಗಡಿಸುವುದು ಎಷ್ಟಿದೆಯೋ ಅಷ್ಟನ್ನೂ ಎಐಗೆ ಧಾರಾಳವಾಗಿ ಕೊಡಬಹುದು. ದೇಶದ ಪರವಾಗಿ ಮಾತು ಕೊಡುವ ಕೆಲಸವನ್ನು ಕೊಡಬಾರದು. ಮಾತು ತಪ್ಪಿದರೆ ಎದುರು ನಿಂತು ಉತ್ತರ ಹೇಳಲು ಒಬ್ಬ ಮನುಷ್ಯ ಬೇಕು.

ರಾಯಭಾರಿ ಅಂದರೆ ಔತಣಕೂಟ, ಕೈಕುಲುಕುವ ಫೋಟೋ ಅಂತ ನಮಗೆ ನೆನಪಾಗುತ್ತದೆ. ನಿಜದಲ್ಲಿ ರಾಯಭಾರ ಕಚೇರಿಯ ದಿನದ ದೊಡ್ಡ ಪಾಲು ಹೋಗುವುದು ಓದಿನಲ್ಲಿ. ಆ ದೇಶದ ಪತ್ರಿಕೆಗಳು, ಸಂಸತ್ತಿನ ಚರ್ಚೆ, ಬಜೆಟ್, ಮಂತ್ರಿಗಳ ಭಾಷಣ ಎಲ್ಲವನ್ನೂ ನೋಡಿ ಸ್ವದೇಶಕ್ಕೆ ವರದಿ ಕಳಿಸಬೇಕು. ಆ ವರದಿಗೆ ಇವತ್ತಿಗೂ ಕೇಬಲ್ ಅಂತಲೇ ಹೆಸರು. ತಂತಿ ಹೋಗಿ ಎಷ್ಟೋ ಕಾಲವಾದರೂ ಹೆಸರು ಬಿಟ್ಟಿಲ್ಲ! ನಮ್ಮ ದೇಶಕ್ಕೆ ಹೊರಗಡೆ ಸುಮಾರು 200 ರಾಯಭಾರ ಕಚೇರಿ, ಕಾನ್ಸುಲೇಟ್‌ಗಳಿವೆ. ಅವನ್ನೂ ದೆಹಲಿಯ ಸಚಿವಾಲಯವನ್ನೂ ನಡೆಸುವ ಐಎಫ್‌ಎಸ್ (ಭಾರತೀಯ ವಿದೇಶಾಂಗ ಸೇವೆ) ಅಧಿಕಾರಿಗಳು ಸಾವಿರದ ಆಸುಪಾಸು. 140 ಕೋಟಿ ಜನರ ದೇಶಕ್ಕೆ ಇದು ಬಹಳ ಸಣ್ಣ ಸಂಖ್ಯೆ. ಸಂಸತ್ತಿನ ಸ್ಥಾಯಿ ಸಮಿತಿಯೂ ಇದನ್ನು ಎತ್ತಿ ಹೇಳಿದೆ. ಜನ ಕಡಿಮೆ ಇರುವ ಕಡೆ ಓದುವ ಯಂತ್ರದ ಬೆಲೆ ಜಾಸ್ತಿ.

ಅಮೆರಿಕದ ಇಲಾಖೆಯಲ್ಲಿರುವುದು ಸ್ಟೇಟ್‌ಚಾಟ್. ಇಮೇಲ್ ಕರಡು, ಅನುವಾದ, ಉದ್ದ ದಾಖಲೆಯ ಸಾರಾಂಶ ಇವು ಅದರ ಕೆಲಸ. ಆದರೆ ಅಲ್ಲಿ ನನಗೆ ಹೆಚ್ಚು ಆಸಕ್ತಿ ಹುಟ್ಟಿಸಿದ್ದು ಹಳೆಯ ಕಡತಗಳ ಪ್ರಯೋಗ. ಅಮೆರಿಕದಲ್ಲಿ ಗುಪ್ತ ದಾಖಲೆಗಳಿಗೆ 25 ವರ್ಷ ತುಂಬಿದಾಗ ಬಹಿರಂಗ ಮಾಡಬಹುದೇ ಬೇಡವೇ ಎಂದು ಒಂದೊಂದನ್ನೂ ನೋಡಬೇಕು. ಹಿಂದೆ ಕಾಗದ ಕಡಿಮೆಯಿತ್ತು, ಅನುಭವಿಗಳು ಕೂತು ಓದುತ್ತಿದ್ದರು. ಇಮೇಲ್ ಕಾಲದ ದಾಖಲೆಗಳ ಸರದಿ ಬಂದರೆ ಓದಿ ಮುಗಿಸುವುದು ಮನುಷ್ಯರಿಂದ ಆಗುವ ಮಾತಲ್ಲ. ಹಾಗಾಗಿ 1997ರ ಕೇಬಲ್‌ಗಳ ಮೇಲೆ ಒಂದು ಪ್ರಯೋಗ ನಡೆಯಿತು. ಹಿಂದಿನ ವರ್ಷಗಳಲ್ಲಿ ಅಧಿಕಾರಿಗಳು ಕೊಟ್ಟಿದ್ದ ತೀರ್ಮಾನಗಳನ್ನೇ ಪಾಠವಾಗಿ ಕಲಿಸಿ ಯಂತ್ರಕ್ಕೆ ಓದಲು ಬಿಟ್ಟರು. ಯಂತ್ರದ ತೀರ್ಮಾನ ಮನುಷ್ಯರ ತೀರ್ಮಾನಕ್ಕೆ ಶೇ. 97ಕ್ಕೂ ಹೆಚ್ಚು ಹೊಂದಿತು. ಅನುಮಾನ ಬಂದವನ್ನು ಮನುಷ್ಯರೇ ನೋಡಿದರು. ಒಳ್ಳೆಯ ಬಳಕೆ ಅಂದರೆ ಇದು. ಕೆಲಸ ದೊಡ್ಡದು, ನಿಯಮ ಸ್ಪಷ್ಟ, ಹಳೆಯ ಉತ್ತರಗಳು ಕೈಯಲ್ಲಿವೆ, ತಪ್ಪಾದರೆ ಹಿಡಿಯಲು ದಾರಿಯಿದೆ.

ಮಾತುಕತೆಯ ಮೇಜಿಗೂ ಯಂತ್ರ ಬರಬಹುದು, ಆದರೆ ಹಿಂದಿನ ಕುರ್ಚಿಯಲ್ಲಿ ಕೂರಬೇಕು. ಅಂತಾರಾಷ್ಟ್ರೀಯ ಒಪ್ಪಂದದ ಕರಡನ್ನು ನೀವು ನೋಡಿದ್ದರೆ ಅದರ ತುಂಬ ಚೌಕ ಆವರಣಗಳು ಕಾಣುತ್ತವೆ. ಒಪ್ಪಿಗೆಯಾಗದ ಮಾತೆಲ್ಲ ಆ ಆವರಣದೊಳಗೆ ಇರುತ್ತದೆ. ಒಂದೊಂದೇ ಆವರಣ ಬಿಡಿಸುತ್ತ ಹೋಗುವುದೇ ಮಾತುಕತೆ. ಆಗ ಎಲ್ಲರೂ ಹುಡುಕುವುದು 'ಹಿಂದೆ ಒಪ್ಪಿದ ಭಾಷೆ'ಯನ್ನು. 'ಇದೇ ವಾಕ್ಯಕ್ಕೆ ನೀವು ಐದು ವರ್ಷದ ಹಿಂದೆ ಜಿನೀವಾದಲ್ಲಿ ಒಪ್ಪಿದ್ದಿರಿ, ಈಗೇಕೆ ಬೇಡ?' ಎಂದು ಕೇಳಿದರೆ ಎದುರಿನವರಿಗೆ ಇಲ್ಲ ಅನ್ನುವುದು ಕಷ್ಟ. ಮೊದಲೆಲ್ಲ ಇಂಥ ವಾಕ್ಯಗಳು ಒಬ್ಬಿಬ್ಬರು ಹಿರಿಯ ಅಧಿಕಾರಿಗಳ ನೆನಪಿನಲ್ಲಿ ಇರುತ್ತಿದ್ದವು. ಅವರು ನಿವೃತ್ತರಾದರೆ ಅದೂ ಹೋಯಿತು. ವಿಶ್ವಸಂಸ್ಥೆಯ ದಾಖಲೆಗಳು ಆರು ಭಾಷೆಗಳಲ್ಲಿ ದಶಕಗಳಿಂದ ರಾಶಿ ಬಿದ್ದಿವೆ. ಯಂತ್ರಾನುವಾದ ಕಲಿಸಲು ಇಂಥ ದಾಖಲೆಗಳೂ ಬಳಕೆಯಾಗಿವೆ. ಇವುಗಳಲ್ಲಿ ಬೇಕಾದ ವಾಕ್ಯ ಹೆಕ್ಕಿ ಕೊಡಲು ಎಐ ಹೇಳಿ ಮಾಡಿಸಿದ್ದು. ಕೊಟ್ಟದ್ದನ್ನು ಮೂಲದ ಜೊತೆ ತಾಳೆ ನೋಡಬೇಕು, ಅಷ್ಟೇ. ಇಲ್ಲದ ಉಲ್ಲೇಖವನ್ನು ಇದೆ ಅಂತ ಧೈರ್ಯವಾಗಿ ಹೇಳುವ ಚಾಳಿ ಈ ಯಂತ್ರಗಳಿಗೆ ಇನ್ನೂ ಹೋಗಿಲ್ಲ. 2025ರಲ್ಲಿ ಡೆಲಾಯ್ಟ್ ಎಂಬ ಸಲಹಾ ಕಂಪನಿ ಎಐ ನೆರವು ಪಡೆದು ಆಸ್ಟ್ರೇಲಿಯಾ ಸರ್ಕಾರಕ್ಕೆ ಬರೆದುಕೊಟ್ಟ ವರದಿಯೊಂದರಲ್ಲಿ ಇಲ್ಲದ ಆಧಾರಗಳೂ, ನ್ಯಾಯಾಲಯ ಹೇಳದೇ ಇದ್ದ ಮಾತೂ ಸಿಕ್ಕಿದವು. ಕಂಪನಿ ಸ್ವಲ್ಪ ಹಣ ವಾಪಸ್ ಕೊಟ್ಟಿತು. ಮಾತುಕತೆಯ ಮೇಜಿನಲ್ಲಿ ಹೀಗಾದರೆ ವಾಪಸ್ ಕೊಡಲು ಏನೂ ಇರುವುದಿಲ್ಲ.

ನನ್ನನ್ನು ಕೇಳಿದರೆ, ಭಾರತ ಮೊದಲು ಹಣ ಹಾಕಬೇಕಾದ ಜಾಗ ಶೃಂಗಸಭೆಯಲ್ಲ. ವಿದೇಶದಲ್ಲಿ ಕಷ್ಟಕ್ಕೆ ಸಿಕ್ಕ ನಮ್ಮ ಜನರ ಫೋನ್ ಎತ್ತುವ ಜಾಗ. 2023ರ ಏಪ್ರಿಲ್ 15ರಂದು ಸೂಡಾನಿನಲ್ಲಿ ಸೈನ್ಯ ಮತ್ತು ಅರೆಸೇನೆಯ ನಡುವೆ ಕಾಳಗ ಶುರುವಾಯಿತು. ಕೆಲವೇ ದಿನದಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ 31 ಜನ ಅಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಸಿದ್ದರಾಮಯ್ಯನವರು ಟ್ವೀಟ್ ಮಾಡಿದರು. ಗಿಡಮೂಲಿಕೆ ಔಷಧ ಮಾರಲು ಹೋದವರು ಅವರು. ಅದರ ಸುತ್ತ ರಾಜಕೀಯ ಜಗಳವೂ ನಡೆಯಿತು, ಅದನ್ನು ಬಿಡೋಣ. ಏಪ್ರಿಲ್ 24ಕ್ಕೆ ಆಪರೇಷನ್ ಕಾವೇರಿ ಶುರುವಾಯಿತು. ಜನರನ್ನು ಪೋರ್ಟ್ ಸೂಡಾನಿಗೆ ತಂದು, ನೌಕಾಪಡೆಯ ಹಡಗು ಮತ್ತು ವಾಯುಪಡೆಯ ವಿಮಾನಗಳಲ್ಲಿ ಜೆಡ್ಡಾಕ್ಕೆ ದಾಟಿಸಿ, ಅಲ್ಲಿಂದ ಊರಿಗೆ ಕಳಿಸಿದರು. ಒಟ್ಟು 3,862 ಜನ ಹೊರಬಂದರು.

ಇಂಥ ಹೊತ್ತಿನಲ್ಲಿ ಕಂಟ್ರೋಲ್ ರೂಮಿನಲ್ಲಿ ಆಗುವುದೇನು ಅಂತ ಯೋಚಿಸಿ. ಒಬ್ಬನೇ ಮನುಷ್ಯನ ಹೆಸರು ಮೂರು ಕಡೆಯಿಂದ ಬರುತ್ತದೆ. ಅವನೇ ಫೋನ್ ಮಾಡಿರುತ್ತಾನೆ, ಊರಲ್ಲಿ ಅಣ್ಣ ಜಿಲ್ಲಾಧಿಕಾರಿ ಕಚೇರಿಗೆ ಹೋಗಿರುತ್ತಾನೆ, ಶಾಸಕರು ಪಟ್ಟಿ ಕಳಿಸಿರುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವಾಗ ಮೂರು ಪಟ್ಟಿಯಲ್ಲೂ ಕಾಗುಣಿತ ಬೇರೆ ಬೇರೆ. ಊರಿನ ಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಅವು ಮೂರು ಜನರಾ, ಒಬ್ಬನಾ ಅಂತ ಗೊತ್ತಾಗುವ ಹೊತ್ತಿಗೆ ಅರ್ಧ ದಿನ ಹೋಗಿರುತ್ತದೆ. ಬಸ್ಸಿಗೆ ಎಷ್ಟು ಸೀಟು ಬೇಕು ಅನ್ನುವುದು ಇದರ ಮೇಲೆ ನಿಂತಿದೆ. ಯಾವ ಬೀದಿಯಲ್ಲಿ ಎಷ್ಟು ಜನ, ಯಾರಿಗೆ ನೀರಿಲ್ಲ, ಯಾರಿಗೆ ಇನ್ಸುಲಿನ್ ಮುಗಿದಿದೆ ಎಂದು ಸಾವಿರಾರು ವಾಟ್ಸ್ಆ್ಯಪ್ ಮೆಸೇಜುಗಳಿಂದ ತೆಗೆದು ನಕ್ಷೆಯ ಮೇಲೆ ಇಡುವುದು ಎಐ ಚೆನ್ನಾಗಿ ಮಾಡಬಲ್ಲ ಕೆಲಸ. ಯಾವ ರಸ್ತೆಯಲ್ಲಿ, ಯಾವಾಗ ಬಸ್ಸು ಬಿಡಬೇಕು, ಯಾವ ಸೇನಾಧಿಕಾರಿಯ ಭರವಸೆ ನಂಬಬೇಕು ಅನ್ನುವುದು ಮಾತ್ರ ಅಲ್ಲಿರುವ ಅಧಿಕಾರಿಯ ತೀರ್ಮಾನ. ಗುಂಡು ಬಿದ್ದರೆ ಜವಾಬ್ದಾರಿ ಅವರದು ತಾನೇ.

ಬ್ರಿಟನ್ ಸಣ್ಣ ಮಟ್ಟದಲ್ಲಿ ಇಂಥದ್ದನ್ನು ಮಾಡಿದೆ. ವಿದೇಶದಲ್ಲಿರುವ ಬ್ರಿಟಿಷರು ತಮ್ಮ ಕಷ್ಟವನ್ನು ತಮ್ಮ ಮಾತಲ್ಲೇ ಬರೆದರೆ, ಎಐ ಅದನ್ನು ಓದಿ ಅಧಿಕಾರಿಗಳು ಮೊದಲೇ ಬರೆದು ಒಪ್ಪಿಟ್ಟ ಉತ್ತರಗಳಲ್ಲಿ ಸರಿಯಾದದ್ದನ್ನು ಹುಡುಕಿ ಕೊಡುತ್ತದೆ. ಸ್ವಂತವಾಗಿ ಉತ್ತರ ಕಟ್ಟುವುದಿಲ್ಲ. ಈ ಮಿತಿ ನನಗೆ ತುಂಬಾ ಇಷ್ಟವಾಯಿತು.

ನಮ್ಮಲ್ಲಿ ಇದಕ್ಕೆ ಬೇಕಾದ ಒಂದು ತುಂಡು ಈಗಾಗಲೇ ಇದೆ. 2022ರಲ್ಲಿ ಶುರುವಾದ ಭಾಷಿಣಿ, ಸಂವಿಧಾನದ 8ನೇ ಷೆಡ್ಯೂಲಿನ 22 ಭಾಷೆಗಳ ನಡುವೆ ಅನುವಾದ ಮಾಡುವ ಸರ್ಕಾರಿ ಯೋಜನೆ. 2023ರ ಡಿಸೆಂಬರಿನಲ್ಲಿ ವಾರಾಣಸಿಯ ಕಾಶಿ ತಮಿಳು ಸಂಗಮದಲ್ಲಿ ಪ್ರಧಾನಿಯ ಹಿಂದಿ ಭಾಷಣವನ್ನು ಅಲ್ಲೇ ತಮಿಳಿನಲ್ಲಿ ಕೇಳಿಸಿದರು. ಆದರೆ ಹಕ್ಕಿಪಿಕ್ಕಿ ಜನ ಮನೆಯಲ್ಲಿ ಆಡುವ ವಾಗ್ರಿ ಆ 22ರಲ್ಲಿ ಇಲ್ಲ. ಗಲ್ಫಿನಲ್ಲಿ ದುಡಿಯುವ ಕರಾವಳಿಯವರ ತುಳು, ಬ್ಯಾರಿಯೂ ಇಲ್ಲ. ಗಾಬರಿಯಲ್ಲಿ ಬಾಯಿಗೆ ಬರುವುದು ಮನೆಮಾತೇ ಅಲ್ವಾ? ಸಹಾಯವಾಣಿಗೆ ಎಐ ಹಾಕುವ ಮೊದಲು ಈ ಕೊರತೆ ತುಂಬಬೇಕು. ಇಲ್ಲದಿದ್ದರೆ ಹೆಚ್ಚು ಕಷ್ಟದಲ್ಲಿರುವವರ ಮಾತೇ ಯಂತ್ರಕ್ಕೆ ಕೇಳಿಸುವುದಿಲ್ಲ.

ಇನ್ನು ತೀರ್ಮಾನದ ವಿಷಯ. ಯುದ್ಧವೋ ಶಾಂತಿಯೋ ಎಂಬಂಥ ಪ್ರಶ್ನೆಯನ್ನು ಎಐ ಮುಂದೆ ಇಟ್ಟರೆ ಏನಾಗುತ್ತದೆ ಅಂತ ಪರೀಕ್ಷಿಸಿದವರಿದ್ದಾರೆ. 2024ರ ಜನವರಿಯಲ್ಲಿ ಅಮೆರಿಕದ ಸಂಶೋಧಕರ ತಂಡವೊಂದು 8 ಕಾಲ್ಪನಿಕ ದೇಶಗಳನ್ನು ಕಟ್ಟಿ, ಒಂದೊಂದರ ಚುಕ್ಕಾಣಿಯನ್ನೂ ಎಐಗೆ ಕೊಟ್ಟು ಆಡಿಸಿತು. ಪರೀಕ್ಷಿಸಿದ 5 ಎಐ ಮಾದರಿಗಳೂ ಜಗಳವನ್ನು ಬೆಳೆಸುವ ಕಡೆಗೇ ವಾಲಿದವು. ಶಸ್ತ್ರಾಸ್ತ್ರ ಪೈಪೋಟಿಗೆ ಇಳಿದವು. ಅಪರೂಪಕ್ಕೆ ಅಣುಬಾಂಬನ್ನೂ ಹಾಕಿದವು. ಯಾಕೆ ಹೀಗೆ? ಸಂಶೋಧಕರ ಒಂದು ಊಹೆ ಏನಂದರೆ, ಅಂತಾರಾಷ್ಟ್ರೀಯ ಸಂಬಂಧಗಳ ಬಗ್ಗೆ ಬಂದಿರುವ ಬರಹವೇ ಬಹುಪಾಲು ಜಗಳ ಹೇಗೆ ಬೆಳೆಯಿತು ಅನ್ನುವುದರ ಮೇಲಿದೆ. ಎಲ್ಲೂ ಯುದ್ಧವಾಗದ ಮಂಗಳವಾರದ ಬಗ್ಗೆ ಯಾರೂ ಪುಸ್ತಕ ಬರೆಯುವುದಿಲ್ಲ.

ಇದಕ್ಕೂ ಹಿಂದೆ, 2022ರ ನವೆಂಬರಿನಲ್ಲಿ, ಮೆಟಾ ಕಂಪನಿ ಸಿಸೆರೊ ಎಂಬ ಎಐ ತಂದಿತ್ತು. ಡಿಪ್ಲೊಮಸಿ ಅಂತ ಒಂದು ಹಳೆಯ ಬೋರ್ಡ್ ಆಟವಿದೆ. ಮೊದಲ ಮಹಾಯುದ್ಧಕ್ಕೆ ಮುಂಚಿನ ಯುರೋಪಿನ ಏಳು ಶಕ್ತಿಗಳಾಗಿ ಆಟಗಾರರು ಒಬ್ಬರೊಡನೊಬ್ಬರು ಗುಟ್ಟಾಗಿ ಮಾತಾಡಿ ಮೈತ್ರಿ ಮಾಡಿಕೊಳ್ಳಬೇಕು. ಸಿಸೆರೊ ಮನುಷ್ಯರ ಜೊತೆ ಆನ್‌ಲೈನಿನಲ್ಲಿ 40 ಪಂದ್ಯ ಆಡಿ ಮೇಲಿನ ಶೇ. 10ರೊಳಗೆ ಬಂತು. ಅದು ಬಹುಮಟ್ಟಿಗೆ ಪ್ರಾಮಾಣಿಕವಾಗಿ ಆಡುತ್ತದೆ ಅಂತ ಮಾಡಿದವರು ಹೇಳಿದ್ದರು. 2024ರಲ್ಲಿ ಬೇರೆ ಸಂಶೋಧಕರು ಅದರ ಸಂಭಾಷಣೆಗಳನ್ನು ತೆಗೆದು ನೋಡಿದರೆ, ಫ್ರಾನ್ಸ್ ಆಗಿ ಆಡುವಾಗ ಜರ್ಮನಿಯ ಜೊತೆ ಸೇರಿ ಇಂಗ್ಲೆಂಡಿಗೆ ಬೆನ್ನಿಗಿರಿದಿತ್ತು! ಆಟದಲ್ಲಿ ಅದು ಚಾಣಾಕ್ಷತನ. ನಿಜವಾದ ರಾಜತಾಂತ್ರಿಕತೆಯಲ್ಲಿ ಪಂದ್ಯ ಮುಗಿಯುವುದೇ ಇಲ್ಲ. ಇವತ್ತು ಮೋಸ ಹೋದವರು ನಾಳೆ ಬೆಳಗ್ಗೆಯೂ ಎದುರಿನ ಕುರ್ಚಿಯಲ್ಲೇ ಇರುತ್ತಾರೆ. ಮುಂದಿನ ಇಪ್ಪತ್ತು ವರ್ಷವೂ ಇರುತ್ತಾರೆ.

ಹಾಗಂತ ಮನುಷ್ಯರು ತಪ್ಪೇ ಮಾಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ನಮ್ಮದೇ ಚರಿತ್ರೆಯ ಒಂದು ಘಟನೆ ಇಲ್ಲಿ ತುಂಬ ಕೆಲಸಕ್ಕೆ ಬರುತ್ತದೆ. 1950ರ ಅಕ್ಟೋಬರ್ 2 ಮುಗಿದು 3 ಶುರುವಾಗುವ ರಾತ್ರಿ. ಕೊರಿಯಾ ಯುದ್ಧ ನಡೆಯುತ್ತಿತ್ತು. ಚೀನಾದಲ್ಲಿ ನಮ್ಮ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ನಡುರಾತ್ರಿಯಲ್ಲಿ ಎಬ್ಬಿಸಿ ಪ್ರಧಾನಿ ಚೌ ಎನ್‌ಲಾಯ್ ಬಳಿಗೆ ಕರೆದೊಯ್ದರು. ಉತ್ತರ, ದಕ್ಷಿಣ ಕೊರಿಯಾಗಳ ನಡುವಿನ ಗಡಿಯಾಗಿದ್ದ 38ನೇ ಅಕ್ಷಾಂಶವನ್ನು ಅಮೆರಿಕದ ಸೈನ್ಯ ದಾಟಿದರೆ ಚೀನಾ ಯುದ್ಧಕ್ಕೆ ಇಳಿಯುತ್ತದೆ ಎಂದು ಚೌ ಹೇಳಿದರು. ಪಣಿಕ್ಕರ್ ದೆಹಲಿಗೆ ತಿಳಿಸಿದರು, ದೆಹಲಿಯ ಮೂಲಕ ವಾಷಿಂಗ್ಟನ್ನಿಗೂ ಮುಟ್ಟಿತು. ವಾಷಿಂಗ್ಟನ್ ನಂಬಲಿಲ್ಲ. ಪಣಿಕ್ಕರ್ ಚೀನಾದ ಕಡೆ ವಾಲಿದವರು, ಅವರ ಮಾತಿಗೆ ಬೆಲೆ ಕೊಡಬೇಕಿಲ್ಲ ಅಂತ ಅಲ್ಲಿನವರ ಲೆಕ್ಕ. ಅಮೆರಿಕದ ಪಡೆ ಗಡಿ ದಾಟಿತು. ಅದೇ ತಿಂಗಳ 19ರಂದು ಚೀನಾದ ಸೈನ್ಯ ಯಾಲು ನದಿ ದಾಟಿ ಕೊರಿಯಾಕ್ಕೆ ಇಳಿಯಿತು.

ಆಗ ಎಐ ಇದ್ದಿದ್ದರೆ? ಸ್ವಲ್ಪ ಉಪಯೋಗ ಆಗುತ್ತಿತ್ತು ಅನ್ನಿಸುತ್ತದೆ. ಚೀನಾದ ಪತ್ರಿಕೆಗಳಲ್ಲಿ ಅದೇ ವಾರಗಳಲ್ಲಿ ಬಂದ ಎಚ್ಚರಿಕೆಗಳು, ಮಂಚೂರಿಯಾ ಕಡೆಗೆ ಸೈನ್ಯ ಸಾಗಿದ ಸುದ್ದಿಗಳು ಇವನ್ನೆಲ್ಲ ಪಣಿಕ್ಕರ್ ವರದಿಯ ಪಕ್ಕದಲ್ಲಿ ಇಟ್ಟು 'ಮಾತು ತಂದವನನ್ನು ಬಿಡಿ, ಇದನ್ನು ನೋಡಿ' ಅಂತ ತೋರಿಸಬಹುದಿತ್ತು. ತಮಗೆ ಹಿಡಿಸದವರ ಮಾತನ್ನು ಕಿವಿಗೆ ಹಾಕಿಕೊಳ್ಳದ ಮನುಷ್ಯನ ಗುಣಕ್ಕೆ ಇದೊಂದು ತಡೆ. ಆದರೆ ಇನ್ನೊಂದು ಬದಿಯಿಂದ ನೋಡಿ. ಚೌ ಅಷ್ಟು ಹೊತ್ತಿನಲ್ಲಿ ರಾಯಭಾರಿಯನ್ನು ಕರೆಸಿದ್ದೇ ಆ ಸಂದೇಶದ ಅರ್ಧ ಭಾಗ. ಹಗಲಲ್ಲಿ ಒಂದು ಟಿಪ್ಪಣಿ ಕಳಿಸಬಹುದಿತ್ತು, ಕಳಿಸಲಿಲ್ಲ. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ, ಯಾರ ಎದುರು ಹೇಳಿದರು ಅನ್ನುವುದರಲ್ಲಿ ಮಾತಿನ ತೂಕ ಇರುತ್ತದೆ. ಚಾಟ್‌ಬಾಟ್ ಒಂದು ಇನ್ನೊಂದು ಚಾಟ್‌ಬಾಟಿಗೆ ರಾತ್ರಿ ಹನ್ನೆರಡೂವರೆಗೆ ಎಚ್ಚರಿಕೆ ಕಳಿಸಿದರೆ ಯಾರ ನಿದ್ದೆಯೂ ಕೆಡುವುದಿಲ್ಲ.

ಅಪಾಯಗಳಲ್ಲಿ ಹೆಚ್ಚು ಚರ್ಚೆಯಾಗುವುದು ನಕಲಿ ದನಿ, ನಕಲಿ ವಿಡಿಯೋ. ಅದು ನಿಜವೇ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೆನೆಟ್ ವಿದೇಶಾಂಗ ಸಮಿತಿಯ ಅಧ್ಯಕ್ಷರಾಗಿದ್ದ ಬೆನ್ ಕಾರ್ಡಿನ್ ಅವರಿಗೆ ಉಕ್ರೇನಿನ ವಿದೇಶಾಂಗ ಮಂತ್ರಿಯಾಗಿದ್ದ ಡಿಮಿಟ್ರೊ ಕುಲೇಬಾ ಅವರ ನಕಲಿಯೊಬ್ಬ ವಿಡಿಯೋ ಕರೆಯಲ್ಲಿ ಸಿಕ್ಕ. ಮುಖ ಅದೇ, ದನಿ ಅದೇ. ಕೇಳಿದ ಪ್ರಶ್ನೆಗಳು ವಿಚಿತ್ರವಾಗಿದ್ದುದರಿಂದ ಅನುಮಾನ ಬಂದು ಕರೆ ಮುಗಿಸಿದರು. 2025ರಲ್ಲಿ ಯಾರೋ ಅಮೆರಿಕದ ವಿದೇಶಾಂಗ ಮಂತ್ರಿ ಮಾರ್ಕೊ ರೂಬಿಯೊ ದನಿ ನಕಲು ಮಾಡಿ ಸಿಗ್ನಲ್ ಆ್ಯಪಿನಲ್ಲಿ ಬೇರೆ ದೇಶಗಳ ಮೂವರು ವಿದೇಶಾಂಗ ಮಂತ್ರಿಗಳನ್ನು ಸಂಪರ್ಕಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಭಾರತ–ಪಾಕಿಸ್ತಾನ ಘರ್ಷಣೆಯ ನಡುವೆ, ಪಾಕ್ ಸೇನಾ ವಕ್ತಾರರು ಎರಡು ಯುದ್ಧವಿಮಾನ ಕಳೆದುಕೊಂಡಿದ್ದನ್ನು ಒಪ್ಪಿಕೊಂಡ ಹಾಗೆ ತೋರಿಸುವ ನಕಲಿ ವಿಡಿಯೋ ನಮ್ಮ ಕೆಲವು ಮಾಧ್ಯಮಗಳಲ್ಲೂ ಓಡಿತು. ಇದಕ್ಕೆ ಪರಿಹಾರ ಹಳೆಯದೇ: ಮೊದಲೇ ಗೊತ್ತಿರುವ ನಂಬರಿಗೆ ತಿರುಗಿ ಕರೆ ಮಾಡಿ ಖಚಿತ ಮಾಡಿಕೊಳ್ಳುವುದು.

ಕಡಿಮೆ ಚರ್ಚೆಯಾಗುವ ಅಪಾಯ ಇನ್ನೊಂದಿದೆ. ನನಗೆ ಅದರದ್ದೇ ಹೆಚ್ಚು ಚಿಂತೆ. ನಾವು ಎಐಗೆ ಹಾಕುವ ಪ್ರಶ್ನೆಯೇ ಒಂದು ಗುಟ್ಟು. ನಾಳೆ ವ್ಯಾಪಾರ ಒಪ್ಪಂದದ ಮಾತುಕತೆ ಇದೆ ಅಂದುಕೊಳ್ಳಿ. ಕಿರಿಯ ಅಧಿಕಾರಿಯೊಬ್ಬರು ಇವತ್ತು ರಾತ್ರಿ ವಿದೇಶಿ ಕಂಪನಿಯ ಚಾಟ್‌ಬಾಟಿನಲ್ಲಿ 'ಹಾಲಿನ ಉತ್ಪನ್ನಗಳ ಸುಂಕವನ್ನು ಇಷ್ಟಕ್ಕೆ ಇಳಿಸಿದರೆ ನಮ್ಮ ರೈತರಿಗೆ ಏನಾಗುತ್ತದೆ?' ಅಂತ ಕೇಳಿದರು. ದಾಖಲೆ ಒಂದೂ ಅಪ್‌ಲೋಡ್ ಮಾಡಿಲ್ಲ. ಆದರೂ ನಾವು ಎಲ್ಲಿಯವರೆಗೆ ಬಗ್ಗಲು ತಯಾರಿದ್ದೇವೆ ಎಂಬ ಸುಳಿವು ಯಾವುದೋ ದೇಶದ ಸರ್ವರಿನಲ್ಲಿ ಕೂತಿತು. ರಾಜತಾಂತ್ರಿಕ ಸಂಬಂಧಗಳ 1961ರ ವಿಯೆನ್ನಾ ಒಪ್ಪಂದದ 24ನೇ ವಿಧಿ, ರಾಯಭಾರ ಕಚೇರಿಯ ದಾಖಲೆಗಳು ಎಲ್ಲಿದ್ದರೂ, ಯಾವಾಗಲೂ ಮುಟ್ಟಬಾರದವು ಅನ್ನುತ್ತದೆ. ಆಗ ಅವರ ಕಣ್ಣ ಮುಂದೆ ಇದ್ದದ್ದು ಕಾಗದ, ಕಪಾಟು. ಖಾಸಗಿ ಕಂಪನಿಯ ಕ್ಲೌಡಿನಲ್ಲಿ ಟೈಪ್ ಮಾಡಿದ ಪ್ರಶ್ನೆಗೆ ಅದು ಎಷ್ಟು ರಕ್ಷಣೆ ಕೊಡುತ್ತದೆ ಅನ್ನುವುದು ವಕೀಲರ ಜಗಳ. ಎಸ್ಟೋನಿಯಾ ಅಂಥ ಜಗಳಕ್ಕೆ ಕಾಯದೆ, 2017ರಲ್ಲೇ ಲಕ್ಸೆಂಬರ್ಗ್ ಜೊತೆ ಒಪ್ಪಂದ ಮಾಡಿಕೊಂಡು ತನ್ನ ಸರ್ಕಾರಿ ಮಾಹಿತಿಗೆ ಅಲ್ಲಿ 'ಡೇಟಾ ರಾಯಭಾರ ಕಚೇರಿ' ಮಾಡಿಕೊಂಡಿತು. ಆ ಸರ್ವರುಗಳಿಗೆ ರಾಯಭಾರ ಕಚೇರಿಯಂಥದೇ ರಕ್ಷಣೆ.

ನಮ್ಮ ಹಣಕಾಸು ಸಚಿವಾಲಯ 2025ರ ಜನವರಿಯಲ್ಲಿ ಕಚೇರಿಯ ಕಂಪ್ಯೂಟರುಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್ ಬಳಸಬೇಡಿ ಎಂದು ಸುತ್ತೋಲೆ ಹೊರಡಿಸಿತು. ಸರಿಯಾದ ಹೆಜ್ಜೆ, ಆದರೆ ಅರ್ಧ ಹೆಜ್ಜೆ. ಕಚೇರಿಯಲ್ಲಿ ಬೇಡ ಅಂದರೆ ಕೆಲಸದ ಒತ್ತಡದಲ್ಲಿರುವವರು ಜೇಬಿನ ಫೋನ್ ತೆಗೆಯುತ್ತಾರೆ. ಬದಲಿಗೆ ಬಳಸಲು ಒಳ್ಳೆಯದೊಂದನ್ನು ಕೊಡಬೇಕು. ಸಚಿವಾಲಯದ ಸ್ವಂತ ಸರ್ವರಿನಲ್ಲಿ ಕೂತು, ಇಂಟರ್ನೆಟ್ಟಿಗೆ ತಾಗದೆ ಓಡುವ ಮಾದರಿ ಬೇಕು. 10,000 ಕೋಟಿ ರೂಪಾಯಿಗೂ ಹೆಚ್ಚಿನ ಇಂಡಿಯಾ ಎಐ ಮಿಷನ್ ಇದೆ. ಸ್ವದೇಶಿ ಮಾದರಿ ಕಟ್ಟಲು ಅದರಡಿ ಮೊದಲು ಆಯ್ಕೆಯಾದದ್ದು ಬೆಂಗಳೂರಿನ ಸರ್ವಂ ಕಂಪನಿ. ವಿದೇಶಾಂಗ ಸಚಿವಾಲಯದಲ್ಲಿ 2020ರಿಂದ ಹೊಸ ತಂತ್ರಜ್ಞಾನಕ್ಕೇ ಒಂದು ವಿಭಾಗವಿದೆ. ತುಂಡುಗಳು ಇವೆ, ಜೋಡಿಸುವವರು ಬೇಕು.

ಈಗ ನಿಮ್ಮ ಕೆಲಸದ ವಿಷಯ. ನೀವು ಸೇವೆಗೆ ಸೇರುವ ಹೊತ್ತಿಗೆ ಸಾರಾಂಶ ಬರೆಯುವ ಕೆಲಸ ನಿಮಗೆ ಇರುವುದಿಲ್ಲ. ಅದೇ ಕೆಲಸ ಮಾಡುತ್ತ ಹಿಂದಿನವರು ಕಸುಬು ಕಲಿತರು ಅನ್ನುವುದು ಬೇರೆ ತಲೆನೋವು. ಹೊಸ ಐಎಫ್‌ಎಸ್ ಅಧಿಕಾರಿಗಳಿಗೆ ಒಂದು ವಿದೇಶಿ ಭಾಷೆ ಕಡ್ಡಾಯ. ಎಐ ಅನುವಾದ ಇದೆಯಲ್ಲ ಅಂತ ಅದನ್ನು ಹಗುರ ಮಾಡಬೇಡಿ. ಎದುರಿನವರು ಇಯರ್‌ಫೋನ್ ತೆಗೆದಿಟ್ಟು ಕಾರಿಡಾರಿನಲ್ಲಿ ಆಡುವ ಮಾತೇ ಬಹಳ ಸಲ ಮುಖ್ಯ. 2023ರ ದೆಹಲಿ ಜಿ20 ಘೋಷಣೆಗೆ 200 ಗಂಟೆಗೂ ಹೆಚ್ಚು ಮಾತುಕತೆ, 300 ಪ್ರತ್ಯೇಕ ಭೇಟಿ, 15 ಕರಡು ಬೇಕಾಯಿತು ಎಂದು ಆಗ ನಮ್ಮ ಶೆರ್ಪಾ (ಶೃಂಗಸಭೆಗೆ ಮುಂಚೆ ನಾಯಕರ ಪರವಾಗಿ ಮಾತುಕತೆ ನಡೆಸುವವರು) ಆಗಿದ್ದ ಅಮಿತಾಭ್ ಕಾಂತ್ ಬರೆದಿದ್ದರು. 15 ಕರಡನ್ನು ಎಐ ಒಂದು ನಿಮಿಷದಲ್ಲಿ ಮಾಡುತ್ತದೆ. 300 ಭೇಟಿಯನ್ನು ಮಾಡುವುದಿಲ್ಲ.

ಒಂದು ಅಭ್ಯಾಸ ಕೊಡುತ್ತೇನೆ, ಈ ವಾರವೇ ಮಾಡಿ. ಜಿ20 ದೇಶಗಳ 2022ರ ಬಾಲಿ ಘೋಷಣೆ ಮತ್ತು 2023ರ ದೆಹಲಿ ಘೋಷಣೆ ಎರಡೂ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಉಕ್ರೇನ್ ಯುದ್ಧದ ಭಾಗಗಳನ್ನು ಎಐಗೆ ಕೊಟ್ಟು, ಏನು ಹೋಯಿತು, ಏನು ಹೊಸದಾಗಿ ಬಂತು ಅಂತ ಪಟ್ಟಿ ಮಾಡಿಸಿ. ಬಾಲಿಯಲ್ಲಿ 'ಹೆಚ್ಚಿನ ಸದಸ್ಯರು ಬಲವಾಗಿ ಖಂಡಿಸಿದರು' ಎಂಬ ಅರ್ಥದ ಮಾತಿತ್ತು, ದೆಹಲಿಯಲ್ಲಿ ಅದಿಲ್ಲ. ಪಟ್ಟಿಯನ್ನು ಮೂಲದ ಜೊತೆ ತಾಳೆ ನೋಡಿ. ಆಮೇಲೆ ಎಐ ಮುಚ್ಚಿಟ್ಟು, ಇದಕ್ಕೆ ಅಮೆರಿಕ ಯಾಕೆ ಒಪ್ಪಿತು, ರಷ್ಯಾ ಯಾಕೆ ಒಪ್ಪಿತು ಅಂತ ಎರಡು ಪುಟ ನೀವೇ ಬರೆಯಿರಿ.